‘ನೀಡ್‌ಫುಲ್’ ಅಂದರೆ ಏನು ಮಾಡಬೇಕು, ಮಾಸ್ತರೇ?

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ಅರ್ಜಿ ಬರೆಯುವ ಹುಡುಗರು ಇಂಗ್ಲಿಷನ್ನು ಸರಳವಾಗಿ ಬರೆಯಲಿ ಎಂದು ಕಳೆದ ಸಂಚಿಕೆಯಲ್ಲಿ ಲೇಖನ ಹಾಕಿದ್ದೀರಿ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ‘ಐ ಬೆಗ್ ಟು ಸ್ಟೇಟ್’, ‘ಕೈಂಡ್ಲಿ ಡು ದ ನೀಡ್‌ಫುಲ್’ ಇವೆಲ್ಲ ವಿನಯದ ಮಾತುಗಳು. ನಮ್ಮ ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಮೊದಲೇ ಕಮ್ಮಿ. ಇದ್ದದ್ದನ್ನೂ ಬಿಡಿ ಅಂದರೆ ಪೇಟೆಯವರ ಎದುರು ಅವರು ಇನ್ನೂ ಸಣ್ಣವರಾಗುವುದಿಲ್ಲವೇ?
— ನಿವೃತ್ತ ಶಿಕ್ಷಕ, ಕುಮಟಾ ತಾಲೂಕು

ಸಂಪಾದಕರ ಉತ್ತರ: ಮಾಸ್ತರೇ, ನಮಸ್ಕಾರ. ಜಗಳ ಆಡುವುದಕ್ಕೆ ಇಷ್ಟು ಒಳ್ಳೆಯ ಪತ್ರ ಅಪರೂಪಕ್ಕೆ ಸಿಗುತ್ತದೆ. ಹೆಚ್ಚಿನವರು ‘ಪತ್ರಿಕೆ ಚೆನ್ನಾಗಿದೆ, ಹೀಗೇ ಮುಂದುವರಿಸಿ’ ಎಂದು ಬರೆದು ನಮ್ಮ ಬಾಯಿ ಮುಚ್ಚಿಸಿಬಿಡುತ್ತಾರೆ.

ಒಪ್ಪುವ ಮಾತನ್ನು ಮೊದಲು ಒಪ್ಪಿಬಿಡುತ್ತೇನೆ. ವಿನಯ ಬೇಕು. ‘ಪ್ಲೀಸ್’ ಇರಲಿ, ‘ಥ್ಯಾಂಕ್ ಯೂ’ ಇರಲಿ, ‘ಸರ್’ ಕೂಡ ಇರಲಿ. ನಮ್ಮ ದೇಶದ ಇಂಗ್ಲಿಷ್ ಎಂಬ ಒಂದೇ ಕಾರಣಕ್ಕೆ ಯಾವ ಶಬ್ದವನ್ನೂ ಓಡಿಸಬೇಕಿಲ್ಲ. ‘ಪ್ರಿಪೋನ್’ ಕೇಳಿ ಲಂಡನ್ನಿನವರು ನಕ್ಕರೆ ನಗಲಿ. ಸಭೆ ಗುರುವಾರದ ಬದಲು ಮಂಗಳವಾರವೇ ಇದೆ ಎಂದು ಒಂದೇ ಏಟಿಗೆ ತಿಳಿಯುತ್ತದೆ, ಮತ್ತೇನು ಬೇಕು? ಅಷ್ಟೇ. ಇನ್ನು ಮುಂದೆ ನಾನು ನಿಮ್ಮ ಪಕ್ಷದಲ್ಲಿಲ್ಲ.

ಸಿರಸಿ ಕಡೆಯ ಒಂದು ಊರಿನ ಹುಡುಗ ನಮ್ಮ ಕಚೇರಿಗೆ ಬಂದಿದ್ದ. ಅವರ ಊರಿನ ಕಾಲುಸಂಕ ಮಳೆಗೆ ಕೊಚ್ಚಿಕೊಂಡು ಹೋಗಿತ್ತು. ಸಂಕ ನಿಮಗೆ ಗೊತ್ತೇ ಇದೆ, ಹಳ್ಳಕ್ಕೆ ಅಡ್ಡ ಹಾಕಿದ ಅಡಿಕೆ ಮರ, ಹಿಡಿದುಕೊಳ್ಳಲು ಒಂದು ಬಿದಿರು. ಆಷಾಢದಲ್ಲಿ ಅದರ ಮೇಲೆ ಮಗುವಿನ ಕೈ ಹಿಡಿದು ದಾಟಿದವರಿಗೇ ಅದರ ಹೆದರಿಕೆ ಗೊತ್ತು. ಮುಂಬೈಯ ಒಂದು ಕಂಪನಿಯ ಸಿಎಸ್ಆರ್ ಹಣ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ, ಕೇಳಲು ಹುಡುಗ ಇಂಗ್ಲಿಷಿನಲ್ಲಿ ಅರ್ಜಿ ಬರೆದಿದ್ದ. ಉತ್ತರ ಬರಲಿಲ್ಲ ಎಂದು ನನ್ನ ಹತ್ತಿರ ತಂದಿದ್ದ. ಅದರ ಮೊದಲ ಸಾಲು ಹೀಗಿತ್ತು:

‘ವಿತ್ ರೆಫರೆನ್ಸ್ ಟು ದ ಸಬ್ಜೆಕ್ಟ್ ಸೈಟೆಡ್ ಅಬೋವ್, ಐ ಬೆಗ್ ಟು ಬ್ರಿಂಗ್ ಟು ಯುವರ್ ಕೈಂಡ್ ನೋಟಿಸ್ ದ್ಯಾಟ್ ಡ್ಯೂ ಟು ದ ಫ್ಯಾಕ್ಟ್ ದ್ಯಾಟ್ ಹೆವಿ ರೇನ್ಸ್ ಹ್ಯಾವ್ ಅಕರ್ಡ್, ದ ಕನೆಕ್ಟಿವಿಟಿ ಆಫ್ ಅವರ್ ವಿಲೇಜ್ ಹ್ಯಾಸ್ ಬೀನ್ ಅಡ್ವರ್ಸ್ಲಿ ಅಫೆಕ್ಟೆಡ್.’ ಕೊನೆಗೆ, ‘ಕೈಂಡ್ಲಿ ಡು ದ ನೀಡ್‌ಫುಲ್’.

ಇಡೀ ಪುಟದಲ್ಲಿ ಹಳ್ಳವಿಲ್ಲ. ಸಂಕವಿಲ್ಲ. ಮಕ್ಕಳಿಲ್ಲ. ಏನು ಬೇಕು ಎಂಬುದೂ ಇಲ್ಲ. ‘ನೀಡ್‌ಫುಲ್ ಅಂದರೆ ಏನು ಮಾಡಬೇಕು ತಮ್ಮಾ ಅವರು?’ ಎಂದು ಕೇಳಿದೆ. ಹುಡುಗ ತಲೆ ಕೆರೆದುಕೊಂಡ. ‘ಕಬ್ಬಿಣದ್ದೊಂದು ಸಂಕ ಆಗಬೇಕಿತ್ತು’ ಅಂದ. ‘ಅದನ್ನೇ ಬರೆ’ ಅಂದೆ. ಇಬ್ಬರೂ ಕೂತು ಬರೆದೆವು: ‘ದ ಫುಟ್‌ಬ್ರಿಜ್ ಟು ಅವರ್ ಸ್ಕೂಲ್ ವಾಶ್ಡ್ ಅವೇ ಇನ್ ಜುಲೈ. ಚಿಲ್ಡ್ರನ್ ನೌ ವಾಕ್ ಥ್ರೂ ದ ಸ್ಟ್ರೀಮ್. ವಿ ವಾಂಟ್ ಟು ಬಿಲ್ಡ್ ಎ ಸ್ಟೀಲ್ ಬ್ರಿಜ್. ಪ್ಲೀಸ್ ಸೆಂಡ್ ಯುವರ್ ಎಂಜಿನಿಯರ್ ಟು ಸೀ ದ ಪ್ಲೇಸ್.’ ಈ ಸಲ ಉತ್ತರ ಬಂತು. ಹಳ್ಳದ ಅಗಲ ಎಷ್ಟು ಎಂದು ಕೇಳಿದ್ದರು. ಸಂಕ ಆಯಿತೇ ಅಂತ ಮಾತ್ರ ಕೇಳಬೇಡಿ, ಅದರ ಕತೆ ಬೇರೆಯೇ ಇದೆ.

ಈಗ ನೋಡಿ, ಆ ಹುಡುಗನಿಗೆ ಇಂಗ್ಲಿಷ್ ಕಮ್ಮಿ ಇತ್ತೇ? ಎರಡನೇ ಪತ್ರದ ಅಷ್ಟೂ ಶಬ್ದ ಅವನಿಗೆ ಮೊದಲೇ ಗೊತ್ತಿತ್ತು. ‘ಬಿಕಾಸ್’ ಎಂಬುದನ್ನು ಪ್ರೈಮರಿಯಲ್ಲೇ ಕಲಿತವನು ‘ಡ್ಯೂ ಟು ದ ಫ್ಯಾಕ್ಟ್ ದ್ಯಾಟ್’ ಎಂದು ಯಾಕೆ ಬರೆಯುತ್ತಾನೆ? ‘ಇಫ್’ ಗೊತ್ತಿದ್ದವನಿಗೆ ‘ಇನ್ ದಿ ಇವೆಂಟ್ ಆಫ್’ ಯಾಕೆ ಬೇಕು? ‘ಬಿಫೋರ್’ ಇರುವಾಗ ‘ಪ್ರಯರ್ ಟು’ ಯಾಕೆ? ನಮ್ಮ ಮಕ್ಕಳ ಹತ್ತಿರ ಸಾಕಷ್ಟು ಇಂಗ್ಲಿಷ್ ಇದೆ, ಮಾಸ್ತರೇ. ಅದು ಸಾಲದು ಎಂದು ಅವರನ್ನು ನಂಬಿಸಿದವರು ನಾವು.

ಈ ಭಾಷೆ ಎಲ್ಲಿಂದ ಬಂತು ಎನ್ನುವುದು ಗುಟ್ಟೇನಲ್ಲ. ಬ್ರಿಟಿಷ್ ಅಧಿಕಾರಿಗಳು ಪತ್ರದ ಕೊನೆಗೆ ‘ಯುವರ್ ಮೋಸ್ಟ್ ಒಬಿಡಿಯಂಟ್ ಸರ್ವಂಟ್’ ಎಂದು ಸಹಿ ಹಾಕುತ್ತಿದ್ದರು. ಮೇಲಿನವನು ಕೆಳಗಿನವನಿಗೆ ಬರೆದರೂ ಅದೇ ಸಹಿ. ಅದರಲ್ಲಿ ವಿನಯ ಎಷ್ಟಿತ್ತು ಎಂದು ನೀವೇ ಹೇಳಿ! ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಸಾಹೇಬರೂ ಹಡಗು ಹತ್ತಿದರು. ಅವರ ಕಾಗದದ ಗತ್ತು ಮಾತ್ರ ಕಾರವಾರದಲ್ಲೇ ಉಳಿಯಿತು.

ತಮಾಷೆ ಅಂದರೆ, ಆ ಸಾಹೇಬರ ಊರಿನಲ್ಲೇ ಇದಕ್ಕೆ ಬೇಸತ್ತುಹೋಗಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಖಜಾನೆ ಇಲಾಖೆ ಸರ್ ಅರ್ನೆಸ್ಟ್ ಗವರ್ಸ್ ಎಂಬ ಹಿರಿಯ ಅಧಿಕಾರಿಯನ್ನು ಹಿಡಿದು, ಸರ್ಕಾರಿ ನೌಕರರು ಜನರಿಗೆ ತಿಳಿಯುವ ಹಾಗೆ ಬರೆಯುವುದು ಹೇಗೆ ಎಂದು ಒಂದು ಸಣ್ಣ ಪುಸ್ತಕ ಬರೆಸಿತು. ‘ಪ್ಲೇನ್ ವರ್ಡ್ಸ್’ ಅಂತ ಅದರ ಹೆಸರು, ಬಂದದ್ದು 1948ರಲ್ಲಿ. 1979ರಲ್ಲಿ ಕ್ರಿಸಿ ಮಾಹರ್ ಎಂಬ ಲಿವರ್‌ಪೂಲಿನ ಹೆಂಗಸು ಲಂಡನ್ನಿನ ಪಾರ್ಲಿಮೆಂಟಿನ ಎದುರಿಗೇ ಸರ್ಕಾರಿ ಫಾರಂಗಳನ್ನು ಚೂರು ಚೂರು ಮಾಡಿದಳು. ಆಕೆ ಓದಲು ಕಲಿತದ್ದೇ ಹದಿಹರೆಯದಲ್ಲಿ. ಇಂಗ್ಲಿಷ್ ಮಾತೃಭಾಷೆಯಾದ ಬಡವರಿಗೇ ಆ ಫಾರಂ ತಿಳಿಯುತ್ತಿರಲಿಲ್ಲ. ಅಮೆರಿಕದಲ್ಲಿ 2010ರಲ್ಲಿ ಕಾನೂನೇ ಬಂತು, ಸರ್ಕಾರಿ ಬರವಣಿಗೆ ಜನರಿಗೆ ಅರ್ಥವಾಗಬೇಕು ಎಂದು. ಅವರು ಗುಡಿಸಿ ಎಸೆದದ್ದನ್ನು ನಾವು ಇನ್ನೂ ಹತ್ತನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿಸುತ್ತಿದ್ದೇವೆ.

ದೂರದ ಮಾತು ಬಿಡಿ. 2022ರಲ್ಲಿ ನಮ್ಮ ಸುಪ್ರೀಂ ಕೋರ್ಟು ಹಿಮಾಚಲ ಪ್ರದೇಶ ಹೈಕೋರ್ಟಿನ ಒಂದು ತೀರ್ಪನ್ನು ಓದಿ, ಇದು ಅರ್ಥವೇ ಆಗುವುದಿಲ್ಲ ಎಂದು ವಾಪಸ್ ಕಳಿಸಿತು. ಆ ಪೀಠದಲ್ಲಿದ್ದ ಇಬ್ಬರಲ್ಲಿ ಒಬ್ಬರು ಕೊಡಗಿನ ಎ. ಎಸ್. ಬೋಪಣ್ಣ. ದೇಶದ ದೊಡ್ಡ ಕೋರ್ಟಿಗೇ ತಲೆಬುಡ ತಿಳಿಯದ್ದು ನಮ್ಮ ರೈತನಿಗೆ ಹೇಗೆ ತಿಳಿದೀತು?

ರೈತ ಅಂದಕೂಡಲೇ ಇನ್ನೊಂದು ನೆನಪಾಯಿತು. ಪರಿಚಯದ ಅಡಿಕೆ ಬೆಳೆಗಾರರೊಬ್ಬರಿಗೆ ಸಾಲ ಕೊಟ್ಟವರಿಂದ ಒಂದು ಕಾಗದ ಬಂದಿತ್ತು. ‘ಇನ್ ದಿ ಇವೆಂಟ್ ಆಫ್ ನಾನ್‌ಸಬ್ಮಿಶನ್ ಆಫ್ ದ ಸೇಮ್ ಪ್ರಯರ್ ಟು ದ ಸ್ಟಿಪ್ಯುಲೇಟೆಡ್ ಡೇಟ್, ಬೆನಿಫಿಟ್ಸ್ ಶಲ್ ಸ್ಟ್ಯಾಂಡ್ ವಿತ್‌ಡ್ರಾನ್’ ಅಂತ. ತೋಟ ಜಪ್ತಿಗೆ ಬಂತು ಎಂದೇ ಅವರು ತಿಳಿದರು. ರಾತ್ರಿ ನಿದ್ದೆ ಮಾಡಲಿಲ್ಲ, ಬೆಳಿಗ್ಗೆ ಆಸರಿಗೆ ಕುಡಿಯದೇ ಬಸ್ಸು ಹತ್ತಿ ಪೇಟೆಗೆ ಬಂದರು. ವಿಷಯ ಇಷ್ಟೇ: ಪಹಣಿ ಪ್ರತಿ ಕೊಡಿ, ಇಲ್ಲವಾದರೆ ಬಡ್ಡಿ ರಿಯಾಯಿತಿ ಸಿಗುವುದಿಲ್ಲ. ಇದನ್ನು ಹೀಗೇ ಬರೆಯಲು ಯಾರ ಗಂಟು ಹೋಗುತ್ತಿತ್ತು? ವಿನಯ, ಘನತೆ ಎಂದು ನಾವು ಹೇಳುತ್ತೇವೆ. ಇಂಥ ಭಾಷೆಯಿಂದ ಓದುವವನಿಗೆ ಹೆದರಿಕೆ, ಬರೆದವನಿಗೆ ತಪ್ಪಿಸಿಕೊಳ್ಳಲು ಜಾಗ. ‘ಬೆನಿಫಿಟ್ಸ್ ಶಲ್ ಸ್ಟ್ಯಾಂಡ್ ವಿತ್‌ಡ್ರಾನ್’, ಅದನ್ನು ತೆಗೆಯುವವರು ಯಾರು ಸ್ವಾಮಿ? ಯಾರೂ ಅಲ್ಲ. ಅದೇ ತೆಗೆದುಕೊಂಡು ಹೋಗುತ್ತದೆ.

ನಿಮ್ಮ ವೃತ್ತಿಯ ಬಗ್ಗೆಯೂ ಒಂದು ಮಾತು ಹೇಳಬೇಕು, ಸಿಟ್ಟು ಮಾಡಿಕೊಳ್ಳಬೇಡಿ. ಸಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಆ ದಿನಗಳಲ್ಲಿ ಸುತ್ತಲಿನ ಶಾಲೆಯ ರಜಾ ಅರ್ಜಿ ತೆಗೆದು ನೋಡಿ, ‘ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್’. ಊರಿಗೇ ಜ್ವರ! ಮಗುವಿಗೆ ಬರುವುದು ಅದೊಂದೇ ಪತ್ರ. ‘ಐ ವಾಂಟ್ ಟು ಗೋ ಟು ದ ಜಾತ್ರೆ’ ಎಂದು ಬರೆದರೆ ನೀವು ರಜೆ ಕೊಡುತ್ತಿದ್ದಿರೋ ಇಲ್ಲವೋ, ಒಂದು ನಿಜವಾದ ವಾಕ್ಯವನ್ನು ಅದು ತಾನೇ ಕಟ್ಟಿದ ಹಾಗಾಗುತ್ತಿತ್ತು. ನಾವು ಅಂಕ ಕೊಡುವುದು ಫ್ರಮ್, ಟು, ರೆಸ್ಪೆಕ್ಟೆಡ್ ಸರ್ ಎಲ್ಲೆಲ್ಲಿ ಕೂತಿವೆ ಎಂದು ನೋಡಿ.

ಸರಳ ಅಂದರೆ ಬಡತನ ಎಂಬ ನಿಮ್ಮ ಹೆದರಿಕೆಗೆ ತಾಳಮದ್ದಳೆಯಲ್ಲೇ ಉತ್ತರವಿದೆ. ವೇಷವಿಲ್ಲದೆ ಕೂತು ಪಾತ್ರದ ಮಾತಾಡುವ ಅರ್ಥಧಾರಿ ಹೊಸಬನಾದರೆ ಸಂಸ್ಕೃತ ಸಮಾಸ ಉರುಳಿಸುತ್ತಾನೆ. ಹಿಂದೆ ಕೂತವರು ಎದ್ದು ಚಾ ಕುಡಿಯಲು ಹೋಗುತ್ತಾರೆ. ನುರಿತವನು ಮನೆ ಮಾತಿನಲ್ಲೇ ಕೃಷ್ಣನಿಂದ ಕರ್ಣನನ್ನು ಕೆಣಕಿಸುತ್ತಾನೆ, ಹೊರಗೆ ಹೋದವರೂ ಚಾ ಲೋಟ ಹಿಡಿದು ಒಳಗೆ ಬರುತ್ತಾರೆ.

ನಿಮ್ಮ ಪತ್ರದ ಹಿಂಬದಿಯಲ್ಲಿ ನೀವು ಇನ್ನೊಂದು ವಿಷಯ ಬರೆದಿದ್ದಿರಿ: ‘ಸಂಚಿಕೆ ಮಳೆಗೆ ನೆನೆದು ಬಂತು. ಪುಟ ಅಂಟಿಕೊಂಡಿವೆ. ಬೇರೆ ಪ್ರತಿ ಕಳಿಸಿ.’ ಎಷ್ಟು ಚಂದ ಬರೆದಿದ್ದೀರಿ! ನಮ್ಮ ಹುಡುಗ ಅದನ್ನು ಓದಿದವನೇ ಪ್ರತಿ ಕಟ್ಟಿ ಅಂಚೆಗೆ ಹಾಕಿದ. ನೀವು ಅಲ್ಲಿ ‘ಸೂಕ್ತ ಕ್ರಮ ಕೈಗೊಳ್ಳುವಿರೆಂದು ನಂಬಲಾಗಿದೆ’ ಎಂದು ಬರೆದಿದ್ದರೆ ಆ ಕಾಗದ ನನ್ನ ಮೇಜಿನ ಮೇಲೇ ಇರುತ್ತಿತ್ತು.

ಈ ‘ಲಾಗಿದೆ’ಯದ್ದೇ ನನ್ನ ದೊಡ್ಡ ತಕರಾರು. ಇಂಗ್ಲಿಷಿನ ರೋಗ ಈಗ ಕನ್ನಡಕ್ಕೂ ಹತ್ತಿದೆ. ‘ಸಭೆಯನ್ನು ಆಯೋಜಿಸಲಾಗಿತ್ತು’, ‘ನಿರ್ಣಯವನ್ನು ಕೈಗೊಳ್ಳಲಾಯಿತು’, ‘ರಸ್ತೆ ಕಾಮಗಾರಿಯನ್ನು ವಿಳಂಬಿಸಲಾಗಿದೆ’. ಯಾರು ವಿಳಂಬಿಸಿದರು? ನಮ್ಮ ಮನೆಗಳಲ್ಲಿ ಯಾರಾದರೂ ‘ದೋಸೆಯನ್ನು ಎರೆಯಲಾಗಿದೆ, ಬನ್ನಿ’ ಅಂತಾರಾ? ಪತ್ರಿಕೆಗೆ ಬರುವ ಸಂಘ ಸಂಸ್ಥೆಗಳ ವರದಿ ಓದಿದರೆ ನಮ್ಮ ಜಿಲ್ಲೆಯಲ್ಲಿ ಯಾರೂ ಏನೂ ಮಾಡುವುದಿಲ್ಲ, ಎಲ್ಲವೂ ತಾನಾಗಿ ನಡೆಯುತ್ತದೆ ಎಂದೇ ಅನಿಸುತ್ತದೆ.

ಆದ್ದರಿಂದ ವರದಿ ಕಳಿಸುವವರೆಲ್ಲ ದಯವಿಟ್ಟು ಕೇಳಿ. ಕೆರೆಯ ಹೂಳು ಎತ್ತಿದ್ದರೆ ಎತ್ತಿದವರು ಯಾರು, ಎಷ್ಟು ಖರ್ಚಾಯಿತು, ಹಣ ಎಲ್ಲಿಂದ ಬಂತು, ಈಗ ನೀರು ಎಷ್ಟಿದೆ, ಇಷ್ಟು ಬರೆಯಿರಿ. ಅರ್ಧ ಪುಟ ಸಾಕು. ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು, ಈ ಸಾಲನ್ನು ನಾವೇ ಕತ್ತರಿಸುತ್ತೇವೆ. ಬೇಜಾರು ಮಾಡ್ಕೋಬೇಡಿ.