ಬಿಳಿ ಕಾರ್ಡಿನವರೂ ಕ್ಯೂ ನಿಲ್ಲುವ ಊರಿನಿಂದ

ಮಾರಾಯ್ತಿ, ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸುಮ್ನೆ ನಕ್ಕುಬಿಟ್ಟೆ. "ಅಡಿಕೆ ತೋಟ ಇದೆ, ಗಂಡನಿಗೆ ಸಂಬಳ ಬರುತ್ತೆ, ಆದ್ರೂ ಚೀಲ ಹಿಡ್ಕೊಂಡು ರೇಷನ್ ಅಂಗಡಿ ಮುಂದೆ ನಿಂತ್ಕೋತೀಯಾ? ನಾಚಿಕೆ ಆಗಲ್ವಾ?" ಅಂದೆ. ಬಿಟ್ಟಿ ಅಕ್ಕಿ ತಿಂದು ಜನ ಸೋಮಾರಿಗಳಾದರು, ದುಡ್ಡಿನ ಜವಾಬ್ದಾರಿ ಯಾರಿಗೂ ಇಲ್ಲ ಅಂತ ಬೇರೆ ಸೇರಿಸಿದೆ. ಹಾಸ್ಟೆಲಿನಲ್ಲಿ ತಿಂಗಳ ಕೊನೆಗೆ ನನ್ನ ಹತ್ತಿರ ಸಾಲ ಕೇಳುತ್ತಿದ್ದವಳು ನೀನೇ ಅಲ್ವಾ? ಇರಲಿ.

ನಮ್ಮದು ಬಿಟ್ಟಿ ಅಲ್ಲ. ನಾನು ಮದುವೆಯಾಗಿ ಬಂದ ಕಾಸರಗೋಡಿನ ಪೆರ್ಲ ಇರುವುದು ಕೇರಳದಲ್ಲಿ, ಇಲ್ಲಿ ಮನೆಗಳ ರೇಷನ್ ಕಾರ್ಡಿಗೆ ನಾಲ್ಕು ಬಣ್ಣ. ಹಳದಿ ತೀರಾ ಬಡವರಿಗೆ, ಗುಲಾಬಿ ಅದರ ನಂತರದವರಿಗೆ. ನೀಲಿಯವರಿಗೆ ತಲೆಗೆ 2 ಕಿಲೋ, ಕಿಲೋಗೆ 4 ರೂಪಾಯಿ. ಬಿಳಿಯವರಿಗೆ ಕಿಲೋಗೆ 10 ರೂಪಾಯಿ 90 ಪೈಸೆ, ಎಷ್ಟು ಕಿಲೋ ಅನ್ನುವುದು ಆಯಾ ತಿಂಗಳು ಗೊತ್ತಾಗುತ್ತದೆ. ನಮ್ಮದು ಬಿಳಿ. ಅದೇ ಅಂಗಡಿಗೆ ಬೀಡಿ ಕಟ್ಟುವ ಬೀಫಾತಿಮ್ಮನೂ ಬರುತ್ತಾರೆ, ನಿವೃತ್ತ ಮೇಷ್ಟ್ರೂ ಬರುತ್ತಾರೆ, ಗಲ್ಫಿನಿಂದ ರಜೆಗೆ ಬಂದವನೂ ಅಮ್ಮನ ಜೊತೆ ಬಂದು ಯಂತ್ರಕ್ಕೆ ಬೆರಳು ಒತ್ತುತ್ತಾನೆ. ಯಾರೂ ತಲೆ ತಗ್ಗಿಸುವುದಿಲ್ಲ. ಮಾತು ಏನಿದ್ದರೂ ಅಕ್ಕಿಯ ಬಗ್ಗೆ: ಈ ಸಲದ ಕುಚ್ಚಿಲಕ್ಕಿ ಹೇಗಿದೆ, ಗಂಜಿಗೆ ಆಗುತ್ತದಾ, ಹುಳ ಇದೆಯಾ.

ಇದಕ್ಕೆ ಕಾರಣ ಇದೆ. ಕೇರಳ ತಿನ್ನುವಷ್ಟು ಅಕ್ಕಿ ಕೇರಳದಲ್ಲಿ ಬೆಳೆಯುವುದಿಲ್ಲ. ಗದ್ದೆ ಇದ್ದಲ್ಲಿ ತೋಟ ಬಂತು. 1960ರ ದಶಕದಲ್ಲಿ ಅಕ್ಕಿಗೆ ಪರದಾಟ ಆದಾಗ ಇಡೀ ರಾಜ್ಯಕ್ಕೇ ರೇಷನ್ ಮಾಡಿದರು, ಬಡವ ಬಲ್ಲಿದ ನೋಡದೆ. 1997ರಲ್ಲಿ ಕೇಂದ್ರದವರು ಜನರನ್ನು ಬಡತನದ ರೇಖೆಯ ಮೇಲೆ, ಕೆಳಗೆ ಅಂತ ವಿಂಗಡಿಸಿದ ಮೇಲೆಯೇ ಇಲ್ಲೂ "ಅವರಿಗೆ ಯಾಕೆ, ನಮಗೆ ಯಾಕಿಲ್ಲ" ಶುರುವಾದದ್ದು. ನನ್ನ ಅತ್ತೆ ಇಂದಿಗೂ ರೇಷನ್ ಅಕ್ಕಿಯನ್ನು ಯಾರೋ ಕೊಟ್ಟ ದಾನ ಅಂದುಕೊಂಡಿಲ್ಲ. ಕರೆಂಟು, ನೀರು ಇದ್ದ ಹಾಗೆ ಅದೂ ಒಂದು. ಕಾರ್ಡು ಅವರ ಹೆಸರಿನಲ್ಲೇ ಇದೆ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ. ಮಾವನಿಗೆ ಈ ವಿಷಯ ಈಗಲೂ ಪೂರ್ತಿ ಒಪ್ಪಿಗೆ ಇಲ್ಲ.

ಸೋಮಾರಿತನದ ಮಾತಿಗೆ ಬರುತ್ತೇನೆ. ಇಷ್ಟು ಜನರಿಗೆ ರೇಷನ್ ಕೊಡುವ ಕೇರಳದಲ್ಲಿಯೇ ಹಳ್ಳಿಯ ಕೂಲಿ ದೇಶದಲ್ಲೇ ಜಾಸ್ತಿ. ಅಡಿಕೆ ಮರ ಹತ್ತುವವರು ಸಿಗುವುದಿಲ್ಲ ಅಂತ ನನ್ನ ಗಂಡನೂ ಗೊಣಗುತ್ತಾರೆ. ಆದರೆ ಅವರು ಸಿಗದಿರುವುದು ತಿಂಗಳಿಗೆ ನಾಲ್ಕೈದು ಕಿಲೋ ಅಕ್ಕಿ ಸಿಕ್ಕಿತು ಅಂತ ಅಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮರದಿಂದ ಒಬ್ಬ ಬಿದ್ದರೆ ಅವನ ಮನೆಯ ಗತಿ ಏನು ಅಂತ ಎಲ್ಲರೂ ನೋಡಿದ್ದಾರೆ. ಹುಡುಗರು ಮಂಗಳೂರಿಗೋ ದುಬಾಯಿಗೋ ಹೋದರು. ಸೋಮಾರಿಗಳು ಅಷ್ಟು ದೂರ ಹೋಗುತ್ತಾರಾ?

ದುಡ್ಡಿನ ಜವಾಬ್ದಾರಿಯಂತೆ! ಬೀಫಾತಿಮ್ಮನ ಲೆಕ್ಕ ನೋಡಿದರೆ ನಿನ್ನ ಆಫೀಸಿನ ಆಡಿಟರ್ ಎದ್ದು ನಿಲ್ಲಬೇಕು. ಬೀಡಿಯ ದುಡ್ಡು ವಾರಕ್ಕೊಮ್ಮೆ. ಅದರಲ್ಲಿ ಕುಡುಂಬಶ್ರೀ ಅನ್ನುವ ಹೆಂಗಸರ ಸ್ವಸಹಾಯ ಸಂಘದ ಕಂತು, ಮಗಳ ಬಸ್ಸಿನ ಖರ್ಚು, ಅಡವಿಟ್ಟ ಬಳೆಯ ಬಡ್ಡಿ. ಅಕ್ಕಿ ಕಡಿಮೆಗೆ ಸಿಕ್ಕಿದ್ದರಿಂದ ಉಳಿದದ್ದು ಮೀನಿಗೆ, ತರಕಾರಿಗೆ ಹೋಗುತ್ತದೆ. "ಅಕ್ಕಿ ಮಾರಿಕೊಳ್ಳುತ್ತಾರೆ" ಅಂತಲೂ ಹೇಳಿದೆಯಲ್ಲ. ಗಡಿಯ ಆಚೆ ನನ್ನ ತವರಿನ ಕಡೆ ಎಲ್ಲರೂ ಉಣ್ಣುವುದು ಕುಚ್ಚಿಲಕ್ಕಿ, ಸೊಸೈಟಿಯ ರೇಷನ್ನಿನಲ್ಲಿ ಕೊಡುವುದು ಬೆಳ್ತಿಗೆ, ಅಂದರೆ ಕುಚ್ಚದ ಬಿಳಿ ಅಕ್ಕಿ. ನೀರ್‌ದೋಸೆ ಎಷ್ಟು ಅಂತ ಮಾಡುವುದು ಹೇಳು? ಉಳಿದದ್ದನ್ನು ಕೊಟ್ಟು ಉಣ್ಣುವ ಅಕ್ಕಿ ತರುತ್ತಾರೆ. ಕಾನೂನು ಪ್ರಕಾರ ತಪ್ಪು, ಗೊತ್ತು. ಜನ ಉಣ್ಣುವ ಅಕ್ಕಿಯನ್ನೇ ಕೊಟ್ಟರೆ ಆ ತಪ್ಪೂ ಇರುವುದಿಲ್ಲ.

ಹಾಗಂತ ಇಲ್ಲಿ ಎಲ್ಲವೂ ಸರಿ ಇಲ್ಲ. ಮನೆ 1000 ಚದರಡಿಗಿಂತ ದೊಡ್ಡದಾದರೆ ಗುಲಾಬಿ ಕಾರ್ಡು ಇಲ್ಲ. ನಮ್ಮ ಪಕ್ಕದ ಮನೆ ಅಜ್ಜನ ಕಾಲದ್ದು, ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಮಳೆಗೆ ಮೂರು ಕಡೆ ಪಾತ್ರೆ ಇಡಬೇಕು. ಅಳತೆಯಲ್ಲಿ ಮಾತ್ರ ಶ್ರೀಮಂತರ ಮನೆ.

ಇನ್ನು ನನ್ನ ನಿಜವಾದ ತಲೆಬಿಸಿ ಕೇಳು. ನಮ್ಮ ಪೆರ್ಲದ ಕಡೆಗೆ ಸೊಸೆಯಂದಿರು ಜಾಸ್ತಿ ಬರುವುದು ವಿಟ್ಲ, ಪುತ್ತೂರು, ಸುಳ್ಯದಿಂದ. ಇಲ್ಲಿಯ ಹುಡುಗಿಯರೂ ಅಲ್ಲಿಗೇ ಹೋಗುತ್ತಾರೆ. ನಮ್ಮ ಕಡೆಯ ಅಡ್ಕಸ್ಥಳ ದಾಟಿದರೆ ಕರ್ನಾಟಕದ ಸಾರಡ್ಕ, ಅಷ್ಟೇ ದೂರ. ಜಾತಕ ಗಡಿ ನೋಡುವುದಿಲ್ಲ, ರೇಷನ್ ಕಾರ್ಡು ನೋಡುತ್ತದೆ. ತವರಿನ ಕಾರ್ಡಿನಿಂದ ಹೆಸರು ತೆಗೆಸಿ, ತೆಗೆಸಿದ್ದಕ್ಕೆ ಕಾಗದ ತಂದರೆ ಮಾತ್ರ ಇಲ್ಲಿ ಸೇರಿಸುತ್ತಾರೆ. ಕರ್ನಾಟಕದಲ್ಲಿ ತಿದ್ದುಪಡಿಗೆ ಯಾವಾಗಲೂ ಬಿಡುವುದಿಲ್ಲ. ಬಿಟ್ಟ ದಿನ ಎಲ್ಲರೂ ಒಟ್ಟಿಗೆ ಹೋಗಿ ಸರ್ವರ್ ಮಲಗುತ್ತದೆ. ಅಲ್ಲಿ ತಲೆ ಲೆಕ್ಕದಲ್ಲಿ ಅಕ್ಕಿ. 2023ರಲ್ಲಿ ಹೆಚ್ಚುವರಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಕೊಡುತ್ತಿದ್ದಾಗಲಂತೂ ಮಗಳ ಹೆಸರು ತೆಗೆಸಲು ಯಾವ ತಾಯಿಗೂ ಅವಸರ ಇರಲಿಲ್ಲ. ನನ್ನ ಅಮ್ಮನೇ "ಇರಲಿ ಬಿಡು, ನಿನಗೇನು ಅಲ್ಲಿ ಊಟಕ್ಕಿಲ್ಲವಾ" ಅಂದಿದ್ದರು. ಊಟ ಇದೆ ಅಮ್ಮ, ಹೆಸರು ಇಲ್ಲ.

ಕಾಗದ ಕೈಗೆ ಬಂದ ಮೇಲೆ ಎರಡನೇ ಕಥೆ. ಅದು ಕನ್ನಡದಲ್ಲಿರುತ್ತದೆ. ಇಲ್ಲಿಯ ಕಚೇರಿಗೆ ತೆಂಕಣ ಕೇರಳದಿಂದ ವರ್ಗವಾಗಿ ಬಂದವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ. ಅಲ್ಲಿಯ ಕಾರ್ಡಿನಲ್ಲಿ ಅಪ್ಪನ ಇನಿಶಿಯಲ್, ಆಧಾರಿನಲ್ಲಿ ಗಂಡನ ಹೆಸರು, ಮಲಯಾಳದಲ್ಲಿ ಟೈಪು ಮಾಡುವವನು ಕೇಳಿಸಿಕೊಂಡದ್ದು ಇನ್ನೊಂದು. ಕಾಸರಗೋಡಿನ ನಾವು ಸರಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲಿ ಕೊಡಬೇಕು ಅಂತ ಕೇರಳದ್ದೇ 1969ರ ಕಾನೂನು ಇದೆ. ಅದನ್ನು ಕೌಂಟರಿನಲ್ಲಿ ಹೇಳಿದರೆ "ನಾಳೆ ಬನ್ನಿ" ಅನ್ನುತ್ತಾರೆ, ಮಲಯಾಳದಲ್ಲಿ. ಈ ಎರಡೂ ಕಚೇರಿಗಳ ನಡುವೆ ನನ್ನ ಹೆಸರು ಯಾವ ಕಾರ್ಡಿನಲ್ಲೂ ಇಲ್ಲದೆ ತಿರುಗಿದ್ದು ಎಷ್ಟೋ ಕಾಲ. ಆಗ ಕಲಿತ ಮಲಯಾಳದಿಂದ ಈಗ ಊರಿನ ಸೊಸೆಯಂದಿರೆಲ್ಲ ಫೈಲು ಹಿಡಿದು ನಮ್ಮ ಜಗಲಿಗೇ ಬರುತ್ತಾರೆ. ಈಗ ಒಂದು ದೇಶ ಒಂದು ಕಾರ್ಡ್ ಅಂತ ಹಳದಿ, ಗುಲಾಬಿಯವರು ಯಾವ ರಾಜ್ಯದಲ್ಲಾದರೂ ಅಕ್ಕಿ ತರಬಹುದು. ಹೆಸರು ಸೇರಿಸಲಿಕ್ಕೆ ಮಾತ್ರ ಹಳೇ ದಾರಿಯೇ.

ಅಕ್ಕಿ ಬಿಡು, ಹೆಸರು ಯಾಕೆ ಬೇಕು ಅಂದರೆ, ಇಲ್ಲಿ ಮಗುವಿನ ಸ್ಕಾಲರ್‌ಶಿಪ್ಪಿಗೂ, ಆದಾಯದ ಸರ್ಟಿಫಿಕೇಟಿಗೂ, ಆಸ್ಪತ್ರೆಯ ವಿಮೆಗೂ ಮೊದಲು ಕೇಳುವುದು ಕಾರ್ಡನ್ನೇ. ನಿಮ್ಮ ಬೆಂಗಳೂರಿನಲ್ಲಿ ನಾವು "ಓ, ಕೇರಳದವರಾ, ಕನ್ನಡ ಚೆನ್ನಾಗಿ ಮಾತಾಡ್ತೀರಿ". ತಿರುವನಂತಪುರದಲ್ಲಿ ನಾವು ಕರ್ನಾಟಕದವರು. 2020ರ ಲಾಕ್‌ಡೌನಿನಲ್ಲಿ ಕರ್ನಾಟಕದವರು ಗಡಿ ಮುಚ್ಚಲು ನಮ್ಮ ರಸ್ತೆಗಳಿಗೆ ಮಣ್ಣು ಸುರಿದರು. ಆ ಏಪ್ರಿಲ್‌ನಲ್ಲಿ ಬಿಳಿ ಕಾರ್ಡಿಗೂ 15 ಕಿಲೋ ಅಕ್ಕಿ ಪುಕ್ಕಟೆ ಕೊಟ್ಟದ್ದು ಈ ರೇಷನ್ ಅಂಗಡಿ. 1956ರಲ್ಲಿ ಕಾಸರಗೋಡನ್ನು ಯಾಕೆ ಕೇರಳಕ್ಕೆ ಸೇರಿಸಿದರು ಅಂತ ಬೈಯುತ್ತಲೇ ಮಾವನೂ ಆ ಚೀಲ ಹೊತ್ತು ತಂದರು.

ಹ್ಞಾ, ಬರುವ ತಿಂಗಳು ಮೈದುನನ ಮದುವೆ, ನೀನು ಬರಲೇಬೇಕು. ಹುಡುಗಿ ಸುಳ್ಯದವಳು. ಅವಳ ಅಮ್ಮನಿಗೆ ನಾನು ಈಗಲೇ ಹೇಳಿದ್ದೇನೆ, ಜವಳಿ ಆಮೇಲೆ ತೆಗೆದರಾಯಿತು, ತಿದ್ದುಪಡಿ ಬಿಟ್ಟಿದ್ದಾರಂತೆ, ಮೊದಲು ಹೋಗಿ ಹೆಸರು ತೆಗೆಸಿ ಅಂತ.