ಯಂತ್ರ ಯಾರ ಮಾತು ಕೇಳಬೇಕು?

ಪ್ರಿಯ ಓದುಗರೇ,

ಪಾಶ್ಚಾತ್ಯ ವಾದ್ಯವೃಂದದ, ಅಂದರೆ ಆರ್ಕೆಸ್ಟ್ರಾದ, ಜೊತೆ ಎಲೆಕ್ಟ್ರಾನಿಕ್ಸ್ (ರೆಕಾರ್ಡಿಂಗ್, ಕಂಪ್ಯೂಟರ್, ಸ್ಪೀಕರ್) ಸೇರಿಸಿದ ಕಛೇರಿ ಕೇಳಿ ಬೇಸರದಿಂದ ಬರೆದಿದ್ದೀರಿ. "ವಯಲಿನ್ ಎದುರಿಗಿದೆ, ದನಿ ಮಾತ್ರ ಬೆನ್ನ ಹಿಂದಿನಿಂದ ಬರುತ್ತಿತ್ತು. ವಾದ್ಯವೃಂದ ನಡೆಸುವ ಕಂಡಕ್ಟರ್ ಕಿವಿಯಲ್ಲಿ ಇಯರ್‌ಫೋನ್ ಬೇರೆ. ಇದು ಸಂಗೀತವೋ, ಗಿಮಿಕ್ಕೋ?" ಎಂದು ಕೇಳಿದ್ದೀರಿ.

ಗಿಮಿಕ್ ಅನ್ನೋದನ್ನು ನಾನು ಒಪ್ಪಲಾರೆ. ಇದು ನಿನ್ನೆ ಮೊನ್ನೆಯ ಹುಚ್ಚಲ್ಲ. 1924ರಲ್ಲೇ ಇಟಲಿಯ ಸಂಗೀತ ರಚನಕಾರ ರೆಸ್ಪಿಗಿ ‘ರೋಮಿನ ಪೈನ್ ಮರಗಳು’ ಕೃತಿಯಲ್ಲಿ ಆರ್ಕೆಸ್ಟ್ರಾ ಜೊತೆ ಗ್ರಾಮಫೋನ್ ಇಟ್ಟು ನೈಟಿಂಗೇಲ್ ಹಕ್ಕಿಯ ದನಿ ಕೇಳಿಸಿದರು. 1954ರಲ್ಲಿ ಪ್ಯಾರಿಸ್‌ನಲ್ಲಿ ಇನ್ನೊಬ್ಬ ರಚನಕಾರ ವರೇಸ್ ವಾದ್ಯಗಳ ನಡುನಡುವೆ ರೆಕಾರ್ಡ್ ಮಾಡಿದ ಟೇಪ್ ಹಾಕಿದಾಗ ಸಭೆಯಲ್ಲಿ ದೊಡ್ಡ ಗಲಾಟೆಯೇ ಆಯಿತು.

ಆದರೆ ಇಯರ್‌ಫೋನ್ ಬಗ್ಗೆ ನಿಮ್ಮ ಅಸಮಾಧಾನ ನ್ಯಾಯವಾದದ್ದೇ. ಮೊದಲೇ ರೆಕಾರ್ಡ್ ಮಾಡಿಟ್ಟ ದನಿ ಯಾರಿಗೂ ಕಾಯುವುದಿಲ್ಲ. ಅದಕ್ಕೇ ಕಂಡಕ್ಟರ್ ಕಿವಿಯಲ್ಲಿ ಟೇಪಿನ ಲಯ ತಪ್ಪದಂತೆ ಟಿಕ್ ಟಿಕ್ ಎನ್ನುವ ಕ್ಲಿಕ್. ಕೊಳಲಿನವರಿಗೆ ಅರೆಗಳಿಗೆ ಜಾಸ್ತಿ ಉಸಿರು ಬೇಕೆನಿಸಿದರೂ ಸಿಗುವುದಿಲ್ಲ. ನನಗೂ ಅದು ಹಿಡಿಸುವುದಿಲ್ಲ.

ಇನ್ನೊಂದು ದಾರಿ ಇದೆ. ಅಲ್ಲಿ ಯಂತ್ರವೇ ವಾದಕರ ಮಾತು ಕೇಳುತ್ತದೆ. ನುಡಿಸಿದ ಕ್ಷಣದಲ್ಲೇ ಮೈಕ್ ದನಿಯನ್ನು ಹಿಡಿಯುತ್ತದೆ, ಕಂಪ್ಯೂಟರ್ ಅದನ್ನು ಹಿಗ್ಗಿಸುತ್ತದೆ, ಚೂರು ಮಾಡುತ್ತದೆ, ಮರಳಿಸುತ್ತದೆ. 1981ರಲ್ಲಿ ಮೊದಲು ಕೇಳಿಸಿದ, ಫ್ರಾನ್ಸಿನ ರಚನಕಾರ ಬುಲೇಜ್ ಅವರ ‘ರೆಪೋನ್’ ಹೀಗೇ. ನಡುವೆ 24 ವಾದಕರು, ಅವರ ದನಿಗೆ ಯಂತ್ರ ಸೋಕುವುದಿಲ್ಲ. ಸುತ್ತಲಿನ ಆರು ಏಕವಾದಕರ ದನಿ ಮಾತ್ರ ಬದಲಾಗಿ ಸ್ಪೀಕರ್‌ಗಳಲ್ಲಿ ಓಡಾಡುತ್ತದೆ.

ಇಂಥ ಒಂದು ಕಛೇರಿಯಲ್ಲಿ ಚೆಲ್ಲೋ (ದೊಡ್ಡ ಪಿಟೀಲಿನಂಥ ವಾದ್ಯ) ವಾದಕಿ ಕೊನೆಯ ಸ್ವರ ಎಳೆದು ಕಮಾನು ಎತ್ತಿದರು. ಸ್ವರ ಮಾತ್ರ ಸಭಾಂಗಣದಲ್ಲೇ ಉಳಿದಿತ್ತು. ಅದು ಪೂರ್ತಿ ಕರಗುವ ತನಕ ಅವರು ಕಮಾನನ್ನು ಗಾಳಿಯಲ್ಲೇ ಹಿಡಿದಿದ್ದರು, ತಂತಿ ಮುಟ್ಟಲಿಲ್ಲ. ಯಾರೂ ಕೆಮ್ಮಲೂ ಇಲ್ಲ.

ಇನ್ನು ಬೆನ್ನ ಹಿಂದಿನ ದನಿ. ನೀವು ಹಿಂದಿನ ಸಾಲಿನಲ್ಲಿ, ಗೋಡೆ ಪಕ್ಕ ಕೂತಿದ್ದಿರಂತೆ, ಅಲ್ವಾ? ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವೇದಿಕೆಯ ದನಿಗಿಂತ ಪಕ್ಕದ ಸ್ಪೀಕರಿನ ದನಿ ಮೊದಲು ತಲುಪಿದರೆ ಕಿವಿ ಅದನ್ನೇ ನಂಬುತ್ತದೆ. ಹತ್ತು ಮೀಟರ್ ಅಂತರಕ್ಕೆ ಸೆಕೆಂಡಿನ ನೂರರಲ್ಲಿ ಮೂರು ಪಾಲು ವ್ಯತ್ಯಾಸ, ಅಷ್ಟು ಸಾಕು. ಒಳ್ಳೆಯ ಸೌಂಡ್ ಎಂಜಿನಿಯರ್ ಸ್ಪೀಕರನ್ನು ಅಷ್ಟು ತಡ ಮಾಡಿಸುತ್ತಾರೆ. ಆದರೂ ಗೋಡೆ ಪಕ್ಕದವರಿಗೆಲ್ಲ ಅದು ಸರಿಹೋಗುವುದು ಕಷ್ಟ.

ಇನ್ನೊಮ್ಮೆ ಹೋಗಿ. ನಡುವಿನ ಸಾಲು, ನಡುವಿನ ಕುರ್ಚಿ ಕೇಳಿ ತಗೊಳ್ಳಿ. ಕಂಡಕ್ಟರ್ ಕಿವಿ ಖಾಲಿ ಇದೆಯಾ ಅಂತ ನೋಡಿ. ಕೇಳಿಸಿದ್ದನ್ನು ಮತ್ತೆ ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ