ಮಲ್ಟಿಕಾಸ್ಟ್ ಬ್ರೌಸರ್ ತನಕ ಬರುವುದಿಲ್ಲ: ಒಂದು ಲೇಖನಕ್ಕೆ ಉತ್ತರ

ನಮಸ್ಕಾರ. ನೀವು ಕಳಿಸಿದ 'ವೆಬ್ ಆಪ್‌ಗಳಲ್ಲಿ ಮಲ್ಟಿಕಾಸ್ಟ್ ಸಾಕೆಟ್' ಲೇಖನ ಓದಿದೆವು. ಮಲ್ಟಿಕಾಸ್ಟ್ ಎಂದರೆ ಕಳಿಸುವವರು ಒಂದೇ ಪ್ರತಿ ಕಳಿಸಿ, ಗುಂಪಿಗೆ ಸೇರಿದ ಎಲ್ಲ ಯಂತ್ರಗಳಿಗೂ ನೆಟ್‌ವರ್ಕೇ ಅದನ್ನು ತಲುಪಿಸುವ ವಿಧಾನ. ಲೇಖನವನ್ನು ಈ ರೂಪದಲ್ಲಿ ಹಾಕಲಾಗದು. ಭಾಷೆ ಸರಾಗವಾಗಿದೆ, ತೊಡಕಿರುವುದು ವಿಷಯದಲ್ಲಿ.

'ಬ್ರೌಸರ್ 239.1.1.5 ಗುಂಪಿಗೆ ಸೇರಿ ದರಗಳನ್ನು ನೇರವಾಗಿ ಪಡೆಯುತ್ತದೆ' ಎಂದಿದ್ದೀರಿ (ಆ ಸಂಖ್ಯೆ ಗುಂಪಿನ ವಿಳಾಸ). ಸಾಮಾನ್ಯ ವೆಬ್ ಪುಟಕ್ಕೆ ಅದು ಆಗದ ಕೆಲಸ. ಬ್ರೌಸರ್ ಮತ್ತು ಸರ್ವರ್ ನಡುವೆ ಸಂಪರ್ಕ ತೆರೆದಿಡುವ ವೆಬ್‌ಸಾಕೆಟ್ ಓಡುವುದು ಟಿಸಿಪಿ ಮೇಲೆ, ಅದು ಇಬ್ಬರ ನಡುವಿನ ಸಂಪರ್ಕ. ಬ್ರೌಸರ್‌ಗಳು ನೇರವಾಗಿ ಮಾತಾಡಲು ಇರುವ ವೆಬ್‌ಆರ್‌ಟಿಸಿ ಯುಡಿಪಿ (ತಲುಪಿತೇ ಎಂದು ನೋಡದೆ ಪ್ಯಾಕೆಟ್ ಕಳಿಸುವ ವಿಧಾನ) ಬಳಸಿದರೂ ಅದು ಯುನಿಕಾಸ್ಟೇ, ಅಂದರೆ ಒಬ್ಬರಿಂದ ಒಬ್ಬರಿಗೆ. ನೀವು ಕೊಟ್ಟಿರುವ ಕೋಡ್ 2010ರ ಸಿಲ್ವರ್‌ಲೈಟ್ 4 ಎಂಬ ಮೈಕ್ರೋಸಾಫ್ಟ್ ಬ್ರೌಸರ್ ಪ್ಲಗಿನ್‌ನದು. ಅದರಲ್ಲಿ ಮಲ್ಟಿಕಾಸ್ಟ್ ಕ್ಲಾಸ್‌ಗಳಿದ್ದವು ನಿಜ, ಆದರೆ ಸಿಲ್ವರ್‌ಲೈಟ್‌ನ ಬೆಂಬಲವೇ 2021ರ ಅಕ್ಟೋಬರ್‌ನಲ್ಲಿ ಮುಗಿಯಿತು.

ಈಗ ನಡುವೆ ಗೇಟ್‌ವೇ ಬೇಕು, ಅಂದರೆ ಮಲ್ಟಿಕಾಸ್ಟ್ ಪಡೆದು ಪ್ರತಿ ಬ್ರೌಸರ್‌ಗೂ ಬೇರೆಯಾಗಿ ಕಳಿಸುವ ಸರ್ವರ್ ಪ್ರೋಗ್ರಾಂ. ಅದಕ್ಕೆ ನೀವು ಕೊಟ್ಟಿರುವುದು ಒಂದು ಸಾಲು! ನೋಡ್‌ನಲ್ಲಾದರೆ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್) ಮೊದಲು ಸಾಕೆಟನ್ನು ಪೋರ್ಟ್‌ಗೆ ಬೈಂಡ್ ಮಾಡಿ (ಜೋಡಿಸಿ), ಆಮೇಲೆ ಗುಂಪಿಗೆ ಸೇರಿಸುವ ಆಡ್‌ಮೆಂಬರ್‌ಶಿಪ್ ಕರೆಯಬೇಕು; ತಿರುಗುಮುರುಗಾದರೆ ಸಾಕೆಟ್ ಯಾವುದೋ ಪೋರ್ಟ್‌ಗೆ ತಾನಾಗಿ ಬೈಂಡ್ ಆಗಿಬಿಡುತ್ತದೆ. ಆಡ್‌ಮೆಂಬರ್‌ಶಿಪ್‌ಗೆ ಎರಡನೇ ಆರ್ಗ್ಯುಮೆಂಟಾಗಿ ಇಂಟರ್‌ಫೇಸ್‌ನ (ನೆಟ್‌ವರ್ಕ್ ಕಾರ್ಡ್‌ನ) ಐಪಿ ಕೊಡಿ. ಎರಡು ನೆಟ್‌ವರ್ಕ್ ಕಾರ್ಡ್ ಇರುವ ಸರ್ವರ್‌ನಲ್ಲಿ ಅದನ್ನು ಬಿಟ್ಟರೆ ಆಪರೇಟಿಂಗ್ ಸಿಸ್ಟಂ ತಾನೇ ಒಂದನ್ನು ಆರಿಸಿಕೊಳ್ಳುತ್ತದೆ. ಅದು ತಪ್ಪು ಕಾರ್ಡಾದರೆ ಎರರ್ರೂ ಇಲ್ಲ, ಪ್ಯಾಕೆಟ್ಟೂ ಇಲ್ಲ. ಡಾಕರ್ ಕಂಟೇನರ್‌ನಲ್ಲಿ ಓಡಿಸುವವರಿಗೆ ಹೋಸ್ಟ್ ನೆಟ್‌ವರ್ಕ್ (ಯಂತ್ರದ್ದೇ ನೆಟ್‌ವರ್ಕ್) ಬಳಸಲು ಹೇಳಿ, ಡಾಕರ್‌ನ ಒಳಗಿನ ಬ್ರಿಡ್ಜ್ ನೆಟ್‌ವರ್ಕ್ ಬೇಡ.

'ಮೊದಲು ಚೆನ್ನಾಗಿ ಬಂತು, ನಾಲ್ಕೈದು ನಿಮಿಷಕ್ಕೆ ನಿಂತಿತು' ಎಂಬುದನ್ನು ಅಡಿಟಿಪ್ಪಣಿಗೆ ಏಕೆ ತಳ್ಳಿದಿರಿ? ಲೇಖನದಲ್ಲಿ ಅತಿ ಉಪಯುಕ್ತವಾದ ಸಾಲು ಅದೇ. ಸ್ವಿಚ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ (ಗುಂಪಿಗೆ ಸೇರುವ ಸಂದೇಶಗಳನ್ನು ಸ್ವಿಚ್ ಗಮನಿಸಿ, ಸೇರಿದವರಿಗಷ್ಟೇ ಪ್ಯಾಕೆಟ್ ಬಿಡುವುದು) ಆನ್ ಇದ್ದು, ಆ ವಿಲ್ಯಾನ್‌ನಲ್ಲಿ (ಸ್ವಿಚ್‌ನ ಒಳಗೆ ಬೇರ್ಪಡಿಸಿದ ನೆಟ್‌ವರ್ಕ್) ಸದಸ್ಯರನ್ನು ಆಗಾಗ ವಿಚಾರಿಸುವ ಕ್ವೆರಿಯರ್ ಇಲ್ಲದಿದ್ದರೆ ಹೀಗಾಗುತ್ತದೆ. ಸೇರುವಾಗ ಗೇಟ್‌ವೇ ಕಳಿಸಿದ ರಿಪೋರ್ಟ್ ನೋಡಿ ಸ್ವಿಚ್ ಗೇಟ್‌ವೇ ಜೋಡಿಸಿರುವ ತನ್ನ ಪೋರ್ಟ್‌ಗೆ ಪ್ಯಾಕೆಟ್ ಬಿಡುತ್ತದೆ. 'ಇನ್ನೂ ಇದ್ದೀರಾ' ಎಂದು ಕೇಳುವವರೇ ಇಲ್ಲದ್ದರಿಂದ ಮತ್ತೆ ರಿಪೋರ್ಟ್ ಹೋಗುವುದಿಲ್ಲ; ಸಾಮಾನ್ಯವಾಗಿ 260 ಸೆಕೆಂಡಿಗೆ ಸದಸ್ಯತ್ವದ ಅವಧಿ ಮುಗಿಯುತ್ತದೆ. ಸ್ವಿಚ್‌ನಲ್ಲೇ ಕ್ವೆರಿಯರ್ ಆನ್ ಮಾಡಿದರೆ ಸರಿಹೋಗುತ್ತದೆ. ಲೇಖನ ಇಲ್ಲಿಂದಲೇ ಶುರುವಾಗಲಿ. ಮೊದಲ ಮೂರು ಪುಟದ ವ್ಯಾಖ್ಯಾನಗಳನ್ನು ಪೂರ್ತಿ ತೆಗೆಯಿರಿ.

'ಎಷ್ಟು ಬಳಕೆದಾರರಿದ್ದರೂ ಒಂದೇ ಪ್ರತಿ' ಎಂಬ ಉಳಿತಾಯ ಗೇಟ್‌ವೇ ತನಕ ಮಾತ್ರ. ಅಲ್ಲಿಂದಾಚೆ 200 ಬ್ರೌಸರ್‌ಗೆ ತಲಾ 50 ಕಿಲೋಬಿಟ್ ಎಂದರೆ ಸೆಕೆಂಡಿಗೆ 10 ಮೆಗಾಬಿಟ್. ನಿಧಾನದ ಮೊಬೈಲ್‌ಗೆ ಕಳಿಸಬೇಕಾದದ್ದು ಗೇಟ್‌ವೇ ಮೆಮೊರಿಯಲ್ಲೇ ರಾಶಿ ಬೀಳುತ್ತದೆ. ದರದಂಥ ಡೇಟಾ ಆದ್ದರಿಂದ ಹಳೆಯದನ್ನು ಬಿಸಾಡಿ ಕೊನೆಯದನ್ನಷ್ಟೇ ಕಳಿಸಬಹುದು. ಯುಡಿಪಿಯಲ್ಲಿ ಕಳೆದುಹೋದದ್ದು ಮರಳಿ ಬರುವುದಿಲ್ಲ, ಹಾಗಾಗಿ ಪ್ರತಿ ಪ್ಯಾಕೆಟ್ಟಿಗೂ ಕ್ರಮಸಂಖ್ಯೆ ಹಾಕಿಸಿ. ಇನ್ನೊಂದು: ಮಲ್ಟಿಕಾಸ್ಟ್ ಪ್ಯಾಕೆಟ್‌ನ ಟಿಟಿಎಲ್ (ಎಷ್ಟು ರೌಟರ್ ದಾಟಬಹುದು ಎಂಬ ಮಿತಿ) ಡಿಫಾಲ್ಟ್ 1, ಅಂದರೆ ಅದು ಒಂದು ರೌಟರನ್ನೂ ದಾಟದು. ಕಳಿಸುವವರು ಬೇರೆ ಸಬ್‌ನೆಟ್‌ನಲ್ಲಿದ್ದರೆ ಅದನ್ನು ಏರಿಸಿದರಷ್ಟೇ ಸಾಲದು, ರೌಟರ್‌ನಲ್ಲೂ ಮಲ್ಟಿಕಾಸ್ಟ್ ರೌಟಿಂಗ್ ಬೇಕು.

ತಿದ್ದಿ ಕಳಿಸುವಾಗ ಸೇರಿದ ಕ್ಷಣದಿಂದ ನಿಲ್ಲುವ ತನಕದ ಟಿಸಿಪಿಡಂಪ್ (ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ದಾಖಲಿಸುವ ಸಾಧನ) ಔಟ್‌ಪುಟ್ ಜೊತೆಗಿರಲಿ.